ಹೊಳೆದ ಕಾಲು

ಪ್ರಯೋಗಾಲಯದ ಕಟ್ಟಡದಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ನೀಲಿ ಕೋಟಿನ ಇಬ್ಬರು ಹೆಂಗಸರಿದ್ದರು. ದೊಡ್ಡವಳು ಮುಖ ಗಂಟು ಹಾಕಿಕೊಂಡಿದ್ದಳು.

"ನೋಡಿದ್ಯಾ, ಹೊಸ ಹುಡುಗಿ ತೆಗೆದ ಮೊಲದ ಸ್ಕ್ಯಾನ್ ಗೋಡೆಗೆ ಹಾಕಿದ್ದಾರೆ!"

"ನೋಡ್ದೆ ಅಕ್ಕ. ಸೋಂಕಿರೋ ಕಾಲು ದೀಪದ ಹಾಗೆ ಹೊಳೀತಿದೆ."

"ಹದಿನಾಲ್ಕು ವರ್ಷದಿಂದ ಇಲ್ಲಿ ಮೊಲ ಹಿಡಿದು ಸ್ಕ್ಯಾನ್ ಮಾಡ್ತಿದ್ದೀನಿ. ನನ್ನದು ಒಂದಾದ್ರೂ ಹಾಕಿದ್ರಾ? ಇವಳು ಬಂದು ಮೂರು ತಿಂಗಳಾಗಿಲ್ಲ, ಸಾಹೇಬ್ರು ತಲೆ ಮೇಲೆ ಕೂರಿಸ್ಕೊಂಡಿದ್ದಾರೆ."

"ಚಿತ್ರ ಚೆನ್ನಾಗೇ ಇದೆಯಲ್ಲ."

"ಏನು ಚೆನ್ನ, ಮಣ್ಣು! ಹೊಳೀತಿರೋದು ಸೋಂಕಲ್ಲ. ಸ್ಕ್ಯಾನಿಗೆ ಮುಂಚೆ ಚುಚ್ಚೋ ವಿಕಿರಣದ ಮದ್ದು ನರದಿಂದ ಸೋರಿ ಅಲ್ಲೇ ನಿಂತಿದೆ."

"ಅಯ್ಯೋ, ಮದ್ದು ಕೊಡೋದು ಕಿವಿಗಲ್ವಾ?"

"ಅವತ್ತು ಕಿವೀಲಿ ನರ ಸಿಗ್ಲಿಲ್ಲ. ಆ ಕಾಲಿಗೇ ಕೊಟ್ಟಿದ್ದು."

"ಅವಳಿಗೆ ಹೇಳ್ಲಿಲ್ವಾ?"

"ನಾನ್ಯಾಕೆ ಹೇಳ್ಲಿ? ನಾಳೆ ಸಭೇಲಿ ಎಲ್ಲರ ಮುಂದೆ ಮೆರೀಲಿ. ಆಮೇಲೆ ಬಾಯಿ ಬಿಡ್ತೀನಿ."

ಚಿಕ್ಕವಳು ದೊಡ್ಡವಳ ಕಡೆ ತಿರುಗಿದಳು.

"ಅಕ್ಕ, ಅವಳಿಗಿನ್ನೂ ಸೂಜಿ ಮುಟ್ಟೋಕೇ ಬಿಡಲ್ಲ. ಹಾಗಾದ್ರೆ ಚುಚ್ಚಿದ್ದು ಯಾರು?"

ಲಿಫ್ಟಿನ ಬಾಗಿಲು ತೆರೆಯಿತು. ಚಿಕ್ಕವಳೂ ನಾನೂ ಒಳಗೆ ಹೋದೆವು. ದೊಡ್ಡವಳು ನಿಂತಲ್ಲೇ ನಿಂತಿದ್ದಳು.

"ನೀನು ನಡಿ," ಎಂದಳು. "ಆರು ಮಹಡಿ ತಾನೆ, ನಾನು ಹತ್ಕೊಂಡೇ ಬರ್ತೀನಿ."