ಒಡೆದು ಓದುವ ಕಾಗದ

ಭಾಲ್ಕಿಯ ಅಂಚೆ ಕಚೇರಿಯಲ್ಲಿ ನಿಂತು ಅನುಸೂಯಾಬಾಯಿ ಲಕೋಟೆಗೆ ಗೋಂದು ಹಚ್ಚುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯಳ ಕೈಯಲ್ಲಿ ಜೈಲಿನ ವಿಳಾಸದ ಕಾಗದವಿತ್ತು.

“ಶರೋನಾ, ಡಬ್ಬಿಗೆ ಹಾಕ್ತೀಯೋ, ಇಲ್ಲೇ ಪ್ರಾರ್ಥನಿ ಮಾಡ್ಕೋತ ನಿಂದರ್ತೀಯೋ?” ಎಂದಳು ಹಿರಿಯಳು, ಅವಳ ಸೋದರತ್ತೆ.

“ಜೈಲಿನ್ಯಾಗ ಒಡದು ಓದ್ತಾರ್ರೀ, ಅತ್ತಿ.”

“ಓದ್ಲಿ. ಕ್ಯಾಲೆಬ ಮಾಡಿದ್ದು ಅವರಿಗೇನು ಹೊಸಾದಾ?”

“ಓದೋ ಸಾಹೇಬ ನನ್ನ ವಿದ್ಯಾರ್ಥಿರಿ. ಅವಗ ಅಪರಾಧಶಾಸ್ತ್ರ ಕಲಿಸಿದಾಕಿನೇ ನಾನು. ಕ್ಯಾಲೆಬ ನನ್ನ ತಮ್ಮ ಅಂತ ಅವಗ ಗೊತ್ತಿಲ್ಲ.”

“ಏನ್ ಕಲಿಸಿದಿ ಅವಗ?”

“ಮನಿಯಿಂದ ಕಾಗದ ಬಂದ್ರ ಕೈದಿ ಸುಧಾರಿಸ್ತಾನ ಅಂತ. ಅದರ ಮ್ಯಾಲೇ ನನ್ನ ಪಿಎಚ್‌ಡಿ ಆಗಿದ್ದು.”

“ಶಾಬಾಸ್, ಪ್ರೊಫೆಸರ್ ಬಾಯಿ! ಕಂಡೋರ ಮಕ್ಕಳನ್ನೆಲ್ಲ ಜೈಲಿಗಿ ಹೋಗಿ ಮಾತಾಡ್ಸಿದಿ. ಒಡಹುಟ್ಟಿದವಗ ಆರು ವರ್ಷದಾಗ ಒಂದಕ್ಷರ ಇಲ್ಲ.”

“ಮಂದಿ ದುಃಖ ಕೇಳೂದು ಸರಳರಿ. ಸಂಜಿಗಿ ಬಾಗ್ಲಾ ಹಾಕ್ಕೊಂಡು ಕೂತ್ರ, ಊಟ ಆತೇನು ಅಂತ ನನ್ನ ಕೇಳೋರು ಯಾರೂ ಇಲ್ಲ.”

“ಅವಗ ಮಾತ್ರ ಯಾರ ಅದಾರ?”

ಶರೋನ ಕಾಗದ ತಿರುಗಿಸಿ, ಕಳಿಸುವವರ ಹೆಸರಿನ ಖಾಲಿ ಜಾಗವನ್ನು ನೋಡುತ್ತ ನಿಂತಳು. ಕೊನೆಗೆ ಪೆನ್ನು ತೆಗೆದು ತನ್ನ ಹೆಸರು ಬರೆದಳು. ಅದರ ಮುಂದೆ ಹುದ್ದೆಯ ಬದಲು ‘ಕ್ಯಾಲೆಬನ ಅಕ್ಕ’ ಎಂದು ಬರೆದದ್ದು ಅನುಸೂಯಾಬಾಯಿಗೆ ಕಾಣಿಸಿತು.

“ಇನ್ನ ಆ ಸಾಹೇಬ ಏನಂದಾನು?” ಅತ್ತೆಯ ದನಿ ಮೆತ್ತಗಾಗಿತ್ತು.

“ಅನ್ಲಿರಿ. ಓದಿ ಮುಗಿಸಿ ತಮ್ಮನ ಕೈಗಿ ಕೊಟ್ರ ಸಾಕು.”

ಕಾಗದ ಡಬ್ಬಿಯ ಒಳಗೆ ಬಿತ್ತು. ಇಬ್ಬರೂ ಔರಾದ ಬಸ್ಸು ಹಿಡಿಯಲು ಹೊರಟರು.