ಒಣ ರೊಟ್ಟಿಯ ತಟ್ಟೆ

...ಹಾಗಲ್ಲ, ನೆನೆದ ರೊಟ್ಟೀನ ಪೂರ್ತಿ ಹಿಂಡಬಾರದು. ಸ್ವಲ್ಪ ತೇವ ಉಳಿಯಬೇಕು, ಇಲ್ಲದಿದ್ರೆ ಎಣ್ಣೆಗೆ ಬಿದ್ದ ಕೂಡಲೇ ಕಲ್ಲಾಗಿಬಿಡ್ತದೆ. ಆಮೇಲೆ ಮೊಟ್ಟೆ ಒಡೆದು ಹಾಕಿ, ಚಿಟಿಕೆ ಉಪ್ಪು ಹಾಕಿ, ಕೈಯಲ್ಲೇ ಕಲಸೋದು... ಬಾ ಫ್ರಿಮೆಟ್, ಬಾಗಿಲಿಗೆ ಒರಗಿ ನಿಂತ್ರೆ ಕಲಿತ ಹಾಗಾಗ್ತದಾ? ನನ್ನ ತಮ್ಮ ಮುಶೋನ್‌ನ ಮದುವೆಯಾಗಿ ಐದು ವಾರ ಆಯ್ತು, ಇನ್ನೂ ನೆಂಟರ ಮನೆಗೆ ಬಂದವಳ ಹಾಗೆ ನಿಲ್ತೀಯಲ್ಲ.

ಮುಶೋನ್ ಮಕ್ಕಳನ್ನ ಕರಕೊಂಡು ಪ್ರಾರ್ಥನೆಗೆ ಹೋಗಿದ್ದಾನೆ. ಮೂವರೂ ಹಸಿದು ಬರ್ತಾರೆ. ಬಂದವರೇ ಕೋಟು ಕೂಡ ಬಿಚ್ಚದೆ, 'ಜೋಯಾ ಅತ್ತೆ, ಆಯ್ತಾ?' ಅಂತ ಕೇಳೋದು. ಹನ್ನೊಂದು ವರ್ಷದಿಂದ ಪಸ್ಕ ಹಬ್ಬದ ಮೊದಲ ಬೆಳಗ್ಗೆ ಈ ಮನೇಲಿ ಈ ರೊಟ್ಟಿ ವಡೆ, ನಮ್ಮ ಬುರ್ಮುಯೆಲೊ, ಕರಿಯದೇ ಇದ್ದದ್ದಿಲ್ಲ. ಆ ಮಕ್ಕಳ ತಾಯಿ ತೀರಿಕೊಂಡ ವರ್ಷ ಕೂಡ ಕರಿದಿದ್ದೇನೆ. ಅಳ್ತಾ ಕರಿದಿದ್ದೇನೆ. ತಿಂದ್ರು, ಪಾಪ. ದವಿಕೊಗೆ ಆಗ ಇದ್ದದ್ದೇ ಎರಡು ಹಲ್ಲು.

ತಗೋ, ಈ ಬಟ್ಟಲು ಹಿಡಿ ಸ್ವಲ್ಪ.

...ಯಾಕೆ ಕೈ ಹಿಂದಕ್ಕೆ ತಗೊಂಡೆ?

ಬರೀ ರೊಟ್ಟಿ ಕಣೇ. ನಿನ್ನೆ ರಾತ್ರಿ ನೀನೇ ಮುರಿದು ತಿಂದ್ಯಲ್ಲ, ಅದೇ ಹುಳಿಯಿಲ್ಲದ ರೊಟ್ಟಿ. ನೀರಲ್ಲಿ ನೆನೆಸಿದ್ದೀನಿ, ಅಷ್ಟೆ... ಓ. ಹಾಗೋ. ನಿಮ್ಮ ಕಡೆ ಹಬ್ಬದಲ್ಲಿ ಇದನ್ನ ನೆನೆಸೋದಿಲ್ವಾ? ನನಗೆ ಹೇಳಿದವರು ಯಾರು? ಮುಶೋನ್ ಬಾಯೇ ಬಿಡಲಿಲ್ಲ. ಮನೆ ವಿಷಯ ಅಕ್ಕನ ಕಿವಿಗೆ ಬೀಳೋದು ಎಲ್ಲರಿಗಿಂತ ಕೊನೆಗೆ. ಗೊತ್ತಿದ್ರೆ ನೆನೆಸ್ತಿದ್ನಾ? ನಾವು ಬುಕಾರೆಸ್ಟಿನವರು, ಸ್ಪೇನಿನ ಮಾತು ಬಿಡದ ಯೆಹೂದಿ ಜನ, ನಮ್ಮಲ್ಲಿ ಅಜ್ಜಿ ಕಾಲದಿಂದಲೂ ಹೀಗೇ. ನಿಮ್ಮ ಸಿಗೆಟ್ ಊರಿನವರಿಗೆ ಹೆದರಿಕೆ ಜಾಸ್ತಿ ಮಾರಾಯ್ತಿ. ಎಲ್ಲೋ ಬೇಯದೆ ಉಳಿದ ಒಂದು ಕಣ ಹಿಟ್ಟು ನೀರು ಕುಡಿದು ಹುಳಿ ಬಂದು ಹಬ್ಬ ಕೆಟ್ಟುಬಿಟ್ರೆ ಅಂತ...

ಯಾಕೆ ಹಾಗೆ ನೋಡ್ತೀಯ? ಯಾರೋ ಹೇಳ್ತಿದ್ರು. ಸಂತೇಲಿ. ಆ ಕೋಳಿ ಮಾರೋ ಹೆಂಗಸು.

ನಗ್ತಾ ಇದ್ದೀಯಾ? ಇಲ್ವಾ. ಸರಿ.

ಮೇಜು ಯಾಕೆ ಅಷ್ಟು ನೋಡ್ತೀಯ? ಮುಶೋನ್ ಅಲ್ಲಿ, ಬುಕಾ, ದವಿಕೊ ಈ ಕಡೆ. ಮುಶೋನ್ ಎದುರಿಗೆ... ನಾನು. ಬಿಸಿಬಿಸಿ ಬಡಿಸಲಿಕ್ಕೆ ಕೈಗೆ ಹತ್ತಿರ ಆಗ್ಲಿ ಅಂತ, ಇವತ್ತೊಂದು ದಿನ. ಒಲೆ ಮೂಲೆಗೆ ಹೋಗ್ಬೇಡ, ಎಣ್ಣೆ ಸಿಡೀತದೆ. ಆ ಕುರ್ಚಿ ಹತ್ತಿರ ಇರೋದು ಏನೂ ಅಲ್ಲ, ಸುಮ್ಮನೆ ಬಟ್ಟೆ ಮುಚ್ಚಿಟ್ಟಿದ್ದೀನಿ. ತೆಗೀಬೇಡ ಅಂದ್ನಲ್ಲ...

ಹೌದು. ಒಣ ರೊಟ್ಟಿ. ಈರುಳ್ಳಿ ಸಿಪ್ಪೇಲಿ ರಾತ್ರಿಯೆಲ್ಲ ಬೆಂದ ಮೊಟ್ಟೆ ಎರಡು. ತಟ್ಟೆ ಹೊಸದು, ಒರೆಸಿ ಒರೆಸಿ ಇಟ್ಟದ್ದು. ನನ್ನ ಒದ್ದೆ ಕೈಯಿಂದ ಒಂದು ಹನಿ ಕೂಡ ಬೀಳಬಾರದು ಅಂತ ಬಟ್ಟೆ ಎರಡು ಮಡಿಕೆ ಹಾಕಿದ್ದೀನಿ.

ಏನಾದ್ರೂ ಅನ್ನೇ. ಗೊತ್ತೇ ಇಲ್ಲದವಳು ಇಷ್ಟು ಜೋಪಾನ ಮಾಡ್ತಾಳಾ ಅಂತ ಕೇಳು.

...ಹೋದ ಮಂಗಳವಾರ ನೀನು ಮುಶೋನ್‌ಗೆ ರೊಟ್ಟಿ ನೆನೆಸಬಾರದು ಅಂತ ಹೇಳುವಾಗ ನಾನು ಇಸ್ತ್ರಿ ಬಟ್ಟೆ ಹಿಡಕೊಂಡು ಬಾಗಿಲಾಚೆ ನಿಂತಿದ್ದೆ. 'ಈ ಸಲ ಬೇಡ ಅಂತ ಅಕ್ಕನಿಗೆ ನಾನೇ ಹೇಳ್ತೀನಿ' ಅಂದ ಅವನು. ಹೇಳಲಿಲ್ಲ. ನಿನ್ನೆ ರಾತ್ರಿವರೆಗೂ ಕಾದೆ. ಹೇಳಲಿಲ್ಲವಲ್ಲ ಅಂತ ಬೆಳಗ್ಗೆ ಎದ್ದವಳೇ ಪೊಟ್ಟಣ ಪೂರ್ತಿ ನೀರಿಗೆ ಹಾಕಿಬಿಟ್ಟೆ. ನಿನ್ನ ಪಾಲಿನದ್ದು ಮಾತ್ರ ತೆಗೆದಿಟ್ಟು.

ಆ ಒಲೆ ಮೂಲೆ ಕುರ್ಚಿ ಐದು ವಾರದಿಂದ ನನ್ನದು. ಅಲ್ಲಿ ಕೂತ್ರೆ ಮೇಜಿನ ಮಾತೆಲ್ಲ ಕೇಳ್ತದೆ. ಆದ್ರೆ ಯಾರೂ ನನ್ನ ಕಡೆ ತಿರುಗಿ ಹೇಳೋದಿಲ್ಲ. ಬೇಕು ಅಂತ ಅಲ್ಲ, ಬೆನ್ನು ಆ ಕಡೆ ಇರ್ತದೆ, ಅಷ್ಟೆ. ನನಗೊಂದು ಬೆಳಗ್ಗೆ ಬೇಕಿತ್ತು ಫ್ರಿಮೆಟ್. ನೀನು ಅಲ್ಲಿ ಕೂತು ಒಣದ್ದು ಕಡಿಯೋದು, ಅವರು ಮೂವರೂ ನನ್ನ ಕೈಯದ್ದು ತಿನ್ನೋದು. ಒಂದೇ ಒಂದು ಬೆಳಗ್ಗೆ.

ಎಲ್ಲಿ ಹೋಗ್ತೀಯ? ...ಅಲ್ಲೇ ಕೂತ್ಯಾ.

ನನ್ನ ಮೂಲೆ ಕುರ್ಚೀಲೇ ಹೋಗಿ ಕೂತ್ಯಲ್ಲ.

ಹಬ್ಬದ ಎಂಟನೇ ದಿನ ನಿಮ್ಮವರೂ ನೆನೆಸಬಹುದಂತೆ. ಅದನ್ನೂ ಕೇಳಿಸ್ಕೊಂಡಿದ್ದೆ. ಅವತ್ತು ನಿನಗೇ ಮೊದಲು ಕರೀತೀನಿ, ಜೇನು ಹಾಕಿ. ಏನಂತೀಯ?

ಅಲ್ಲಿ ಕೂತ್ರೆ ಮನುಷ್ಯರು ಇಷ್ಟು ಚಿಕ್ಕದಾಗಿ ಕಾಣ್ತಾರಾ?

ಮೆಟ್ಟಿಲ ಮೇಲೆ ಸದ್ದು. ದವಿಕೊ ಓಡಿ ಬರೋದು ಹಾಗೇ. ನಿನ್ನ ತಟ್ಟೆ ತಗೋ, ಮುಶೋನ್ ಎದುರಿಗೆ ಹೋಗಿ ಕೂತ್ಕೋ. ಬೇಗ. ಏಳು ಫ್ರಿಮೆಟ್... ಏಳೇ, ಅದು ನನ್ನ ಜಾಗ.