ಒಂಟಿಯಾಗಿ ಓದಬಾರದ ಅಧ್ಯಾಯ

ಕಾದಂಬರಿಯ ಕೊನೆಯ ಅಧ್ಯಾಯವನ್ನು ಯಾರೂ ಒಂಟಿಯಾಗಿ ಓದಬಾರದೆಂದು ಓದುವ ಗುಂಪಿನ ಏಳೂ ಜನ ಹೋದ ವರ್ಷವೇ ಮಾತು ಕೊಟ್ಟಿದ್ದರು. ಇವತ್ತು ಬಸ್ಸಿನ ಸಾಲಿನಲ್ಲಿ ಅದೇ ಗುಂಪಿನ ಟೈಲರಮ್ಮ ಜೊತೆಯ ನರ್ಸಮ್ಮನಿಗೆ ಮೆಲ್ಲಗೆ ಹೇಳಿದ್ದು ಹಿಂದೆ ನಿಂತವರಿಗೂ ಕೇಳಿಸಿತು.

“ಅಕ್ಕಾ, ನಾನು ಕೊನೇ ಅಧ್ಯಾಯ ಓದಿಬಿಟ್ಟೆ. ಸಂಜೆ ಅದನ್ನ ಓದೋವಾಗ ಗುಂಪಿಗೆ ನೀವು ಬರಬೇಡಿ.”

“ಅದ್ಯಾಕೆ, ನನ್ನ ಪಾಲಿನ ಟೀನೂ ನೀನೇ ಕುಡೀಬೇಕಾ?”

“ತಮಾಷೆ ಬೇಡ. ಕೊನೇಲಿ ಮಗ ಸಾಯ್ತಾನೆ. ನಿಮ್ಮ ಹುಡುಗನ ಹಾಗೇ, ನೀರಲ್ಲಿ.”

“ಗೊತ್ತು ಕಣೇ. ಮೊದಲನೇ ವಾರಾನೇ ಓದಿದೀನಿ.”

“ಗೊತ್ತಿದ್ದೂ ವರ್ಷವಿಡೀ ಬಂದ್ರಾ?”

“ಅವನು ಹೋದಮೇಲೆ ನನ್ನ ಮುಖ ಕಂಡ್ರೆ ಸಾಕು, ಎಲ್ಲರೂ ಮಾತು ಬದಲಾಯಿಸ್ತಾರೆ. ನೀನೂ ಅಷ್ಟೇ. ಇವತ್ತಾದರೂ ನನ್ನೆದುರಿಗೆ ಸತ್ತ ಹುಡುಗನ ಬಗ್ಗೆ ಮಾತಾಡಲೇಬೇಕಲ್ಲ?”



“ಮಾತಾಡೋಣ ಅಕ್ಕಾ. ನಾನೇ ಶುರು ಮಾಡ್ತೀನಿ.”

ಬಸ್ಸು ಬಂತು, ಹತ್ತಿ ಹೋದರು. ಕೊಟ್ಟ ಮಾತನ್ನು ಇಬ್ಬರೂ ಮುರಿದಿದ್ದರು.